ಕೆರಾಟೋಕೋನಸ್: ಯಾವ ಹಂತಕ್ಕೆ ಯಾವ ಚಿಕಿತ್ಸೆ?

ಹರೆಯದಲ್ಲಿ ಕನ್ನಡಕದ ನಂಬರು ಏರುವುದು ಹೊಸ ಸಂಗತಿಯೇನಲ್ಲ. ಆದರೆ ಆರೆಂಟು ತಿಂಗಳಿಗೊಮ್ಮೆ ನಂಬರು ಬದಲಾಗುತ್ತಿದ್ದರೆ, ಅದರಲ್ಲೂ ಚೀಟಿಯಲ್ಲಿ 'ಸಿಲಿಂಡರ್' ಎಂದು ಬರೆದ ಕಡೆಯ ಅಂಕಿಯೇ ಹೆಚ್ಚುತ್ತ ಹೋಗುತ್ತಿದ್ದರೆ, ಹೊಸ ಕನ್ನಡಕ ಧರಿಸಿದ ಮೇಲೂ ಅಕ್ಷರಗಳ ಬಾಲದಂತೆ ನೆರಳೊಂದು ಕಾಣುತ್ತಿದ್ದರೆ, ದೋಷ ಕನ್ನಡಕದ ಅಂಗಡಿಯವರದಾಗಿರಲಾರದು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ತನ್ನ ಆಕಾರವನ್ನೇ ಕಳೆದುಕೊಳ್ಳುತ್ತಿರುವ ಸಾಧ್ಯತೆಯಿರುತ್ತದೆ. ಈ ಕಾಯಿಲೆಗೆ ಕೆರಾಟೋಕೋನಸ್ ಎಂದು ಹೆಸರು. ಇದನ್ನು ಬೇರೆ ನೇತ್ರರೋಗಗಳಿಂದ ಪ್ರತ್ಯೇಕಿಸಿ ಸವಿಸ್ತಾರವಾಗಿ ವಿವರಿಸಿದವರು ಬ್ರಿಟನ್ನಿನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್; ಅದು 1854ರಲ್ಲಿ. ಅದಾಗಿ ಸುಮಾರು ಒಂದೂವರೆ ಶತಮಾನದವರೆಗೆ ಇದರ ಬೆಳವಣಿಗೆಯನ್ನು ತಡೆಯುವ ಉಪಾಯ ವೈದ್ಯರ ಬಳಿ ಇರಲಿಲ್ಲ. ಈಗ ಇದೆ. ಆದರೆ ಆ ಉಪಾಯ ಫಲಿಸುವುದು ಸಕಾಲದಲ್ಲಿ ಬಂದವರಿಗೆ ಮಾತ್ರ.

ಏನಿದು ಕಾಯಿಲೆ?

ಕಣ್ಣಿನೊಳಗೆ ಬೆಳಕನ್ನು ಬಾಗಿಸುವ ಕೆಲಸದ ಸುಮಾರು ಮೂರನೇ ಎರಡು ಪಾಲನ್ನು ಕಾರ್ನಿಯಾವೇ ನಿರ್ವಹಿಸುತ್ತದೆ. ಆರೋಗ್ಯವಂತರಲ್ಲಿ ಅದರ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರ ಬಾಗು ಸುಮಾರು 43ರಿಂದ 44 ಡಯಾಪ್ಟರ್. ಈ ದಪ್ಪದ ಶೇ 90ರಷ್ಟು ಭಾಗ ಸ್ಟ್ರೋಮಾ ಎಂಬ ನಡುಪದರವಾಗಿದ್ದು, ಅದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದ ನೇಯಲ್ಪಟ್ಟಿದೆ. ಕೆರಾಟೋಕೋನಸ್‌ನಲ್ಲಿ ಈ ನೇಯ್ಗೆ ಸಡಿಲಗೊಳ್ಳುತ್ತದೆ. ಪಟಲವು ಒಂದು ಕಡೆ, ಬಹುಮಟ್ಟಿಗೆ ನಡುವಿಗಿಂತ ತುಸು ಕೆಳಗೆ, ತೆಳುವಾಗಿ ಕಣ್ಣಿನೊಳಗಿನ ಒತ್ತಡಕ್ಕೆ ಮಣಿದು ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಗುಂಡಗಿರಬೇಕಾದ ಮೇಲ್ಮೈ ಏರುಪೇರಾದಾಗ ಬೆಳಕು ಒಂದೇ ಬಿಂದುವಿನಲ್ಲಿ ಸೇರದೆ ಚದುರುತ್ತದೆ. ರಾತ್ರಿ ಎದುರು ಬರುವ ವಾಹನದ ದೀಪ ಬಾಣಬಿರುಸಿನಂತೆ ಹರಡಿ ಕಾಣುವುದು, ಒಂದೇ ಕಣ್ಣಿನಲ್ಲಿ ನೋಡಿದರೂ ಚಂದ್ರ ಎರಡು ಮೂರಾಗಿ ಕಾಣುವುದು ಇದರಿಂದಲೇ.

ಸಾಮಾನ್ಯವಾಗಿ ಹದಿಹರೆಯದಲ್ಲಿ ತಲೆದೋರುವ ಈ ಕಾಯಿಲೆ ಮೂವತ್ತರ ದಶಕದವರೆಗೂ ಮುಂದುವರಿದು, ಬಳಿಕ ತಾನಾಗಿಯೇ ನಿಧಾನಗೊಳ್ಳುತ್ತದೆ. ವಯಸ್ಸಾದಂತೆ ಕಾರ್ನಿಯಾ ಸಹಜವಾಗಿ ಗಡಸಾಗುವುದೇ ಇದಕ್ಕೆ ಕಾರಣ. ಬಹುತೇಕ ಎರಡೂ ಕಣ್ಣುಗಳಿಗೆ ತಗಲುತ್ತದಾದರೂ ಒಂದು ಕಣ್ಣು ಮುಂದಿದ್ದರೆ ಇನ್ನೊಂದು ಹಿಂದಿರುತ್ತದೆ. ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ತುಂಬಿಕೊಡುವುದರಿಂದ ರೋಗಿಗೆ ತಿಳಿಯುವುದೇ ತಡವಾಗಿ. ಅಕ್ಷಿಪಟಲಕ್ಕಾಗಲಿ ನರಕ್ಕಾಗಲಿ ಇದರಿಂದ ಹಾನಿಯಿಲ್ಲ. ಪೂರ್ಣ ಅಂಧತ್ವ ಬರುವುದಿಲ್ಲ. ಆದರೆ ಓದು, ಉದ್ಯೋಗ, ವಾಹನ ಚಾಲನೆಯ ಪ್ರಾಯದಲ್ಲಿಯೇ ಬಂದೆರಗುವುದರಿಂದ ಬದುಕಿನ ಮೇಲೆ ಇದು ಬೀರುವ ಪರಿಣಾಮ ಅಲ್ಪವಲ್ಲ.

ಕಣ್ಣುಜ್ಜುವ ಚಾಳಿ

ಕಾಯಿಲೆಗೆ ಒಂದೇ ಕಾರಣವಿಲ್ಲ. ಮನೆತನದಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಡೌನ್ ಸಿಂಡ್ರೋಮ್ ಇರುವವರಲ್ಲಿ, ಅಸ್ತಮಾ, ಚರ್ಮದ ಅಲರ್ಜಿ, ಕಣ್ಣಿನ ಅಲರ್ಜಿ ಇರುವವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇವೆಲ್ಲಕ್ಕಿಂತ ನಮ್ಮ ಕೈಯಲ್ಲಿರುವ ಕಾರಣವೆಂದರೆ ಕಣ್ಣುಜ್ಜುವುದು. ಬೇಸಿಗೆ ಬಂತೆಂದರೆ ಕಣ್ಣು ಕೆಂಪಾಗಿ, ತುರಿಕೆಯಿಂದ ಬೆರಳ ಗೆಣ್ಣಿನಿಂದ ಕಣ್ಣನ್ನು ತಿಕ್ಕಿಕೊಳ್ಳುವ ಮಕ್ಕಳು ನಮ್ಮ ಹವೆಯಲ್ಲಿ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಇದನ್ನು ಚೇಷ್ಟೆಯೆಂದು ಗದರಿ ಸುಮ್ಮನಾಗುವವರೇ ಹೆಚ್ಚು. ತುರಿಕೆಗೆ ಔಷಧ ಹಾಕದೆ ಉಜ್ಜಬೇಡವೆಂದರೆ ಮಗು ಕೇಳುವುದಾದರೂ ಹೇಗೆ? ಅಲರ್ಜಿ ನಿವಾರಕ ಹನಿಗಳು, ತಣ್ಣೀರಿನ ಬಟ್ಟೆ, ಅಗತ್ಯವಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಇತರ ಔಷಧಗಳು ಇದಕ್ಕಿವೆ. ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಗಳನ್ನು ತಿಂಗಳುಗಟ್ಟಲೆ ಹಾಕುವುದು ಮಾತ್ರ ಸಲ್ಲದು. ಅದರಿಂದ ಗ್ಲಾಕೋಮಾ ಮತ್ತು ಕಣ್ಣಿನ ಪೊರೆ ಬರಬಹುದು.

ಈ ಕಾಯಿಲೆ ಅಪರೂಪವೆಂಬ ನಂಬಿಕೆಯೂ ಸಡಿಲಗೊಂಡಿದೆ. ಅಮೆರಿಕದ ಮಿನೆಸೋಟದಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಕ್ಷ ಜನರಲ್ಲಿ ಸುಮಾರು 54 ಮಂದಿಗೆ ಇದು ಕಂಡುಬಂದಿತ್ತು. ನೆದರ್ಲೆಂಡ್ಸ್‌ನ ವಿಮಾ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಂದಾಜು 375 ಜನರಿಗೆ ಒಬ್ಬರು ಎನ್ನುತ್ತದೆ. ಮಹಾರಾಷ್ಟ್ರದ ನಾಗಪುರ ಬಳಿಯ ಹಳ್ಳಿಗಳಲ್ಲಿ 30 ವರ್ಷ ಮೀರಿದವರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಮಾಣ ಶೇ 2.3ರಷ್ಟಿತ್ತು. ಅಲ್ಲಿ ಕಾರ್ನಿಯಾದ ಬಾಗು 48 ಡಯಾಪ್ಟರ್ ಮುಟ್ಟಿದವರನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದರಿಂದ ಅಂಕಿಯನ್ನು ಎಚ್ಚರದಿಂದ ಓದಬೇಕು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿಯೂ ಬಿಳಿಯರಿಗೆ ಹೋಲಿಸಿದರೆ ಏಷ್ಯಾ ಮೂಲದವರಲ್ಲಿ ಇದು ನಾಲ್ಕು ಪಟ್ಟಿಗೂ ಹೆಚ್ಚು ಕಂಡುಬಂದಿದ್ದು, ಅವರು ಚಿಕ್ಕ ವಯಸ್ಸಿನಲ್ಲಿಯೇ ಆಸ್ಪತ್ರೆಗೆ ಬಂದಿದ್ದರು.

ಪತ್ತೆ ಹೇಗೆ?

ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವುದರಿಂದ ಕೆರಾಟೋಕೋನಸ್ ಪತ್ತೆಯಾಗದು. ಕಾರ್ನಿಯಾದ ಏರುತಗ್ಗುಗಳನ್ನು ಬಣ್ಣದ ನಕ್ಷೆಯಾಗಿ ತೋರಿಸುವ ಟೋಪೋಗ್ರಫಿ, ಹಿಂಬದಿಯ ಮೇಲ್ಮೈ ಮತ್ತು ದಪ್ಪವನ್ನೂ ಅಳೆಯುವ ಟೋಮೋಗ್ರಫಿ ಪರೀಕ್ಷೆಗಳು ಇದಕ್ಕೆ ಬೇಕು. ಎರಡನೆಯದಕ್ಕೆ ಬಳಸುವ ಯಂತ್ರಗಳ ಪೈಕಿ ಪೆಂಟಾಕ್ಯಾಮ್ ಹೆಸರನ್ನು ರೋಗಿಗಳು ಹೆಚ್ಚಾಗಿ ಕೇಳಿರುತ್ತಾರೆ. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಇದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಎಷ್ಟು ದಿನ ಮೊದಲು ಅದನ್ನು ತೆಗೆದಿರಬೇಕೆಂದು ಕೇಳಿಕೊಂಡೇ ಹೋಗಬೇಕು. ಲೆನ್ಸ್ ಕಾರ್ನಿಯಾವನ್ನು ಒತ್ತಿ ನಕ್ಷೆಯನ್ನು ತಪ್ಪಾಗಿ ತೋರಿಸಬಲ್ಲದು.

ಕನ್ನಡಕ ಬೇಡವೆಂದು ಲೇಸಿಕ್ ಶಸ್ತ್ರಚಿಕಿತ್ಸೆಗೆ ಹೊರಟವರಲ್ಲಿ ಎಷ್ಟೋ ಮಂದಿಗೆ ತಮಗೆ ಈ ಕಾಯಿಲೆ ಇರುವುದು ತಿಳಿಯುವುದೇ ಆ ಮುನ್ನಿನ ತಪಾಸಣೆಯಲ್ಲಿ. ಮೊದಲೇ ತೆಳುವಾಗುತ್ತಿರುವ ಪಟಲವನ್ನು ಲೇಸರ್‌ನಿಂದ ಮತ್ತಷ್ಟು ತೆಳುವಾಗಿಸಿದರೆ ಉಬ್ಬು ವೇಗವಾಗಿ ಬೆಳೆಯುತ್ತದೆ. ಆದುದರಿಂದ ಕೆರಾಟೋಕೋನಸ್ ಇರುವವರಿಗೆ ಲೇಸಿಕ್ ನಿಷಿದ್ಧ. 'ನಿಮ್ಮ ಕಣ್ಣಿಗೆ ಲೇಸಿಕ್ ಆಗದು' ಎಂದು ವೈದ್ಯರು ವಾಪಸು ಕಳುಹಿಸಿದರೆ ಬೇಸರಿಸಿಕೊಂಡು ಮತ್ತೊಂದು ಕಡೆ ಪ್ರಯತ್ನಿಸುವ ಬದಲು, ಏಕೆ ಆಗದು ಎಂದು ಕೇಳುವುದು ಲೇಸು.

ಹಂತಗಳ ಲೆಕ್ಕ

ಹಂತ ನಿರ್ಣಯಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಆಮ್ಸ್ಲರ್-ಕ್ರುಮೈಶ್ ವರ್ಗೀಕರಣ. ಸ್ಥೂಲವಾಗಿ ಹೇಳುವುದಾದರೆ ಬಾಗು 48 ಡಯಾಪ್ಟರ್ ಒಳಗಿದ್ದು ದೃಷ್ಟಿದೋಷ 5 ಡಯಾಪ್ಟರ್ ದಾಟದಿದ್ದರೆ ಮೊದಲ ಹಂತ. ಬಾಗು 53ರ ಒಳಗಿದ್ದು, ದೋಷ 5ರಿಂದ 8ರವರೆಗಿದ್ದು, ದಪ್ಪ 400 ಮೈಕ್ರಾನಿಗಿಂತ ಹೆಚ್ಚಿದ್ದರೆ ಎರಡನೆಯದು. ಬಾಗು 53ನ್ನು ಮೀರಿ, ದಪ್ಪ 400ಕ್ಕಿಂತ ಕೆಳಗಿಳಿದರೆ ಮೂರನೆಯದು. 55ನ್ನೂ ಮೀರಿ, ನಡುವೆ ಕಲೆ ಮೂಡಿ, ಕನ್ನಡಕದ ನಂಬರನ್ನೇ ಅಳೆಯಲಾಗದ ಸ್ಥಿತಿ ನಾಲ್ಕನೆಯದು. ಕಾರ್ನಿಯಾದ ಹಿಂಬದಿಯನ್ನೂ ಪರಿಗಣಿಸುವ ಹೊಸ ವರ್ಗೀಕರಣಗಳು ಇತ್ತೀಚೆಗೆ ಬಂದಿವೆ.

ಹಂತವೊಂದನ್ನೇ ನೋಡಿ ಚಿಕಿತ್ಸೆ ತೀರ್ಮಾನವಾಗುವುದಿಲ್ಲ ಎಂಬುದು ಗಮನಾರ್ಹ. ವೈದ್ಯರ ಮುಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿರುತ್ತವೆ. ಕಾಯಿಲೆ ಇನ್ನೂ ಬೆಳೆಯುತ್ತಿದೆಯೇ, ಅದನ್ನು ನಿಲ್ಲಿಸಬೇಕೇ ಎಂಬುದು ಒಂದು. ಈಗ ಹಾಳಾಗಿರುವ ದೃಷ್ಟಿಯನ್ನು ಹೇಗೆ ಸರಿಪಡಿಸುವುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವಾದ ಚಿಕಿತ್ಸೆ ಎರಡನೆಯದಕ್ಕೆ ಉತ್ತರವಲ್ಲ. ರೋಗಿಗಳ ಅರ್ಧಕ್ಕರ್ಧ ನಿರಾಶೆಗೆ, ಈ ಲೇಖಕನ ಅಭಿಪ್ರಾಯದಲ್ಲಿ, ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳದಿರುವುದೇ ಕಾರಣ.

ಆರಂಭದ ಹಂತ

ಮೊದಲ ಹಂತದಲ್ಲಿ ಕನ್ನಡಕ ಅಥವಾ ಸಿಲಿಂಡರ್ ಪವರ್ ಇರುವ ಮೃದು ಲೆನ್ಸ್ ಸಾಕಾಗುತ್ತದೆ. ಅಲರ್ಜಿಯ ಚಿಕಿತ್ಸೆ ಮತ್ತು ಕಣ್ಣುಜ್ಜುವುದನ್ನು ಸಂಪೂರ್ಣ ನಿಲ್ಲಿಸುವುದು ಇದರ ಜೊತೆಗೇ ಆಗಬೇಕು. ಅದಕ್ಕಿಂತ ಮುಖ್ಯವಾದುದು ನಿಗದಿತ ಅವಧಿಗೆ, ಸಾಧ್ಯವಾದಷ್ಟು ಒಂದೇ ಯಂತ್ರದಲ್ಲಿ, ಟೋಮೋಗ್ರಫಿ ಮಾಡಿಸಿ ಹಳೆಯದರೊಂದಿಗೆ ಹೋಲಿಸುವುದು. ಮಕ್ಕಳಲ್ಲಿ ಮೂರು ತಿಂಗಳಿಗೊಮ್ಮೆ, ದೊಡ್ಡವರಲ್ಲಿ ಆರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ರೂಢಿ. ಒಂದು ವರ್ಷದೊಳಗೆ ಅತಿ ಕಡಿದಾದ ಜಾಗದ ಬಾಗು 1 ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ಏರಿದರೆ, ದಪ್ಪ ನಿರಂತರವಾಗಿ ಕುಸಿಯುತ್ತಿದ್ದರೆ ಕಾಯಿಲೆ ಬೆಳೆಯುತ್ತಿದೆ ಎಂದರ್ಥ. ಹಳೆಯ ವರದಿಗಳನ್ನೂ ಹಳೆಯ ಕನ್ನಡಕದ ಚೀಟಿಗಳನ್ನೂ ಎಸೆಯದೆ ಇಟ್ಟುಕೊಂಡವರಿಗೆ ಇಲ್ಲಿ ಒಂದು ವರ್ಷವೇ ಉಳಿತಾಯವಾಗಬಹುದು.

ಕ್ರಾಸ್ ಲಿಂಕಿಂಗ್: ಬೆಳವಣಿಗೆಗೆ ತಡೆ

ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಥಿಯೋ ಸೈಲರ್, ಎಬರ್‌ಹಾರ್ಡ್ ಸ್ಪೋರ್ಲ್ ಮತ್ತು ಗ್ರೆಗೋರ್ ವೊಲ್ಲೆನ್‌ಸಾಕ್ 1990ರ ದಶಕದ ಉತ್ತರಾರ್ಧದಲ್ಲಿ ರೂಪಿಸಿದ ವಿಧಾನ ಇದು. ರೋಗಿಗಳ ಮೇಲಿನ ಮೊದಲ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಮಾನ್ಯತೆ ನೀಡಿದ್ದು 2016ರಲ್ಲಿ. ಅಷ್ಟರಲ್ಲಿ ಯುರೋಪ್ ಮತ್ತು ಭಾರತದಲ್ಲಿ ಅದು ಬಳಕೆಗೆ ಬಂದು ವರ್ಷಗಳೇ ಸಂದಿದ್ದವು.

ವಿಧಾನ ಸರಳ. ಅರಿವಳಿಕೆಯ ಹನಿ ಹಾಕಿ, ಕಾರ್ನಿಯಾದ ಹೊರಚರ್ಮವನ್ನು 8-9 ಮಿಲಿಮೀಟರ್ ಅಗಲಕ್ಕೆ ನವಿರಾಗಿ ತೆಗೆಯುತ್ತಾರೆ. ಬಳಿಕ ರಿಬೋಫ್ಲೇವಿನ್, ಅಂದರೆ ಬಿ-2 ಜೀವಸತ್ವದ ಹಳದಿ ದ್ರಾವಣವನ್ನು ಅರ್ಧ ಗಂಟೆ ಹನಿಸುತ್ತಾರೆ. ದ್ರಾವಣ ಪಟಲದೊಳಕ್ಕೆ ಇಳಿದ ಮೇಲೆ ನಿರ್ದಿಷ್ಟ ಪ್ರಮಾಣದ ನೇರಳಾತೀತ ಕಿರಣವನ್ನು ಮತ್ತೊಂದು ಅರ್ಧ ಗಂಟೆ ಹಾಯಿಸುತ್ತಾರೆ. ರಿಬೋಫ್ಲೇವಿನ್ ಕಿರಣವನ್ನು ಹೀರಿಕೊಂಡು ನಡೆಸುವ ರಾಸಾಯನಿಕ ಕ್ರಿಯೆಯಿಂದ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಮೂಡುತ್ತವೆ, ಪಟಲ ಬಿಗಿಯಾಗುತ್ತದೆ. ಅದೇ ರಿಬೋಫ್ಲೇವಿನ್ ಕಿರಣ ಕಣ್ಣಿನ ಒಳಭಾಗಕ್ಕೆ ತಲುಪದಂತೆ ತಡೆಯಾಗಿಯೂ ಕೆಲಸ ಮಾಡುತ್ತದೆ. ಕಿರಣದ ತೀವ್ರತೆಯನ್ನು ಹೆಚ್ಚಿಸಿ ಹತ್ತು ನಿಮಿಷದಲ್ಲಿ ಮುಗಿಸುವ ತ್ವರಿತ ವಿಧಾನವೂ ಈಗ ವ್ಯಾಪಕವಾಗಿದೆ. ಹೊರಚರ್ಮವನ್ನು ತೆಗೆಯದೆಯೇ ಮಾಡುವ ವಿಧಾನದಲ್ಲಿ ನೋವು ಕಡಿಮೆ. ಆದರೆ ದೀರ್ಘಕಾಲದ ಪುರಾವೆ ಹೆಚ್ಚಾಗಿರುವುದು ಮೂಲ ವಿಧಾನಕ್ಕೇ.

ಮೊದಲ ಎರಡು ಮೂರು ದಿನ ನೋವು, ನೀರು ಸುರಿಯುವುದು, ಬೆಳಕು ತಾಳಲಾಗದಿರುವುದು ಸಹಜ. ಹೊರಚರ್ಮ ಕೂಡಿಕೊಳ್ಳುವವರೆಗೆ ರಕ್ಷಣೆಗಾಗಿ ಒಂದು ಮೃದು ಲೆನ್ಸ್ ಇಟ್ಟಿರುತ್ತಾರೆ. ಮೊದಲ ಒಂದೆರಡು ತಿಂಗಳು ದೃಷ್ಟಿ ಮುಂಚಿಗಿಂತ ಮಂಜಾಗಿರುವುದೂ ಉಂಟು. ಇದನ್ನು ಮೊದಲೇ ತಿಳಿಯದವರು ಚಿಕಿತ್ಸೆ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಸೋಂಕು ಮತ್ತು ಕಲೆ ಅಪರೂಪದ, ಆದರೆ ನಿಜವಾದ ಅಪಾಯಗಳು. ಆದುದರಿಂದ ಹನಿಗಳನ್ನು ತಪ್ಪಿಸಬಾರದು. ನೋವು ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದರೆ ಮರುಭೇಟಿಯ ದಿನಕ್ಕೆ ಕಾಯಬಾರದು. ಗರ್ಭಿಣಿಯರಿಗೆ, ಹಿಂದೆ ಕಾರ್ನಿಯಾಕ್ಕೆ ಹರ್ಪಿಸ್ ಸೋಂಕು ತಗಲಿದವರಿಗೆ ಸಾಮಾನ್ಯವಾಗಿ ಈ ಚಿಕಿತ್ಸೆ ಮಾಡುವುದಿಲ್ಲ.

ಕ್ರಾಸ್ ಲಿಂಕಿಂಗ್‌ನಿಂದ ಕನ್ನಡಕ ಹೋಗುವುದಿಲ್ಲ. ಕೆಲವರಲ್ಲಿ ಬಾಗು ಒಂದೆರಡು ಡಯಾಪ್ಟರ್ ಇಳಿದು ತುಸು ಸುಧಾರಣೆ ಕಂಡರೂ ಅದರ ಗುರಿ ಇರುವುದನ್ನು ಇದ್ದಲ್ಲಿಯೇ ಉಳಿಸುವುದು. ಇಂಥ ಚಿಕಿತ್ಸೆಗೆ ತಡಮಾಡಿದಷ್ಟೂ ಉಳಿಸಿಕೊಳ್ಳಲು ಉಳಿಯುವುದು ಕಡಿಮೆ. ಬ್ರಿಟನ್ನಿನಲ್ಲಿ 10ರಿಂದ 16 ವರ್ಷದ, ಕಾಯಿಲೆ ಬೆಳೆಯುತ್ತಿದ್ದ 60 ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹದಿನೆಂಟು ತಿಂಗಳ ನಂತರ ಕ್ರಾಸ್ ಲಿಂಕಿಂಗ್ ಪಡೆದವರ ಪೈಕಿ ಶೇ 7ರಷ್ಟು ಮಕ್ಕಳಲ್ಲಿ ಮಾತ್ರ ಕಾಯಿಲೆ ಮುಂದುವರಿದಿತ್ತು. ಕನ್ನಡಕ, ಲೆನ್ಸ್‌ಗಳಿಗಷ್ಟೇ ಸೀಮಿತವಾದ ಗುಂಪಿನಲ್ಲಿ ಅದು ಶೇ 43. ಮಕ್ಕಳಲ್ಲಿ ಬೆಳವಣಿಗೆ ಖಚಿತವಾಗಲಿ ಎಂದು ವರ್ಷಗಟ್ಟಲೆ ಕಾಯದೆ ಬೇಗನೆ ಚಿಕಿತ್ಸೆ ನೀಡಲು ಅನೇಕ ತಜ್ಞರು ಒಲವು ತೋರುವುದು ಈ ಕಾರಣಕ್ಕೆ. ನಲವತ್ತು ದಾಟಿದ, ವರ್ಷಗಳಿಂದ ಒಂದೇ ಸ್ಥಿತಿಯಲ್ಲಿರುವ ಕಣ್ಣಿಗೆ ಇದರ ಅಗತ್ಯ ಬಹುಶಃ ಇಲ್ಲ.

ಮೂಲ ವಿಧಾನಕ್ಕೆ ಹೊರಚರ್ಮ ತೆಗೆದ ಮೇಲೆ ಕನಿಷ್ಠ 400 ಮೈಕ್ರಾನ್ ದಪ್ಪ ಉಳಿದಿರಬೇಕು. ಇಲ್ಲವಾದರೆ ಕಿರಣದಿಂದ ಕಾರ್ನಿಯಾದ ಒಳಗಿನ ಜೀವಕೋಶಗಳಿಗೆ ಹಾನಿಯಾದೀತು. ತೆಳು ಪಟಲದವರಿಗೂ ದಾರಿಗಳು ಹುಟ್ಟಿಕೊಂಡಿವೆ. ವಿಶೇಷ ದ್ರಾವಣದಿಂದ ಪಟಲವನ್ನು ತಾತ್ಕಾಲಿಕವಾಗಿ ಊದಿಸುವುದು ಒಂದು. ಚೆನ್ನೈನ ಡಾ. ಸೂಸನ್ ಜೇಕಬ್ ರೂಪಿಸಿದಂತೆ, ರಿಬೋಫ್ಲೇವಿನ್‌ನಲ್ಲಿ ನೆನೆಸಿದ ಕಾಂಟ್ಯಾಕ್ಟ್ ಲೆನ್ಸನ್ನು ಕಣ್ಣಿನ ಮೇಲಿಟ್ಟು ಕಿರಣ ಹಾಯಿಸುವುದು ಇನ್ನೊಂದು.

ಲೆನ್ಸ್‌ಗಳ ಲೋಕ

ಎರಡು ಮತ್ತು ಮೂರನೇ ಹಂತದಲ್ಲಿ ಕನ್ನಡಕ ಸೋಲುತ್ತದೆ. ಏರುಪೇರಾದ ಮೇಲ್ಮೈಯ ದೋಷವನ್ನು ಕಣ್ಣಿನಿಂದ ದೂರವಿರುವ ಗಾಜು ತಿದ್ದಲಾರದು. ಇಲ್ಲಿ ನೆರವಿಗೆ ಬರುವುದು ಗಾಳಿಯಾಡುವ ಗಟ್ಟಿ ಲೆನ್ಸ್. ವೈದ್ಯರ ಭಾಷೆಯಲ್ಲಿ ಆರ್‌ಜಿಪಿ. ಗಟ್ಟಿ ಲೆನ್ಸಿಗೂ ಡೊಂಕು ಕಾರ್ನಿಯಾಕ್ಕೂ ನಡುವೆ ಕಣ್ಣೀರು ತುಂಬಿಕೊಂಡು ತಗ್ಗುಗಳನ್ನು ಸಮ ಮಾಡುತ್ತದೆ. ಬೆಳಕಿನ ಪಾಲಿಗೆ ಲೆನ್ಸಿನ ನುಣುಪಾದ ಹೊರಮೈಯೇ ಹೊಸ ಕಾರ್ನಿಯಾ. ಇದು ಹೊಸ ಯೋಚನೆಯೇನಲ್ಲ. 1888ರಲ್ಲಿಯೇ ಪ್ಯಾರಿಸ್ಸಿನ ಯೂಜೀನ್ ಕಾಲ್ಟ್ ಕೆರಾಟೋಕೋನಸ್ ರೋಗಿಗಳಿಗೆ ಗಾಜಿನ ಲೆನ್ಸ್ ತೊಡಿಸಿ ನೋಡಿದ್ದರು. ಶಂಕುವಿನಾಕಾರಕ್ಕೆ ಹೊಂದುವಂತೆ ರಚಿಸಿದ ಲೆನ್ಸ್‌ಗಳ ಪೈಕಿ ನ್ಯೂಜಿಲೆಂಡಿನ ಪಾಲ್ ರೋಸ್ ವಿನ್ಯಾಸಗೊಳಿಸಿದ 'ರೋಸ್ ಕೆ' ಬಹಳ ಕಡೆ ಬಳಕೆಯಲ್ಲಿದೆ.

ಗಟ್ಟಿ ಲೆನ್ಸ್ ಚುಚ್ಚಿದಂತಾಗುವವರಿಗೆ ಮೃದು ಲೆನ್ಸಿನ ಮೇಲೆ ಗಟ್ಟಿಯದನ್ನಿಡುವುದು, ನಡುವೆ ಗಟ್ಟಿ, ಅಂಚಿಗೆ ಮೃದುವಾಗಿರುವ ಮಿಶ್ರ ಲೆನ್ಸ್ ಮುಂತಾದ ಪರ್ಯಾಯಗಳಿವೆ. ಮುಂದುವರಿದ ಹಂತದ ಅನೇಕರಿಗೆ ಕಸಿಯನ್ನು ತಪ್ಪಿಸಿಕೊಟ್ಟಿರುವುದು ಸ್ಕ್ಲೀರಲ್ ಲೆನ್ಸ್. ಸುಮಾರು 15 ಮಿಲಿಮೀಟರ್ ಅಥವಾ ಅದಕ್ಕೂ ಅಗಲವಾದ ಇದು ಕಣ್ಣಿನ ಬಿಳಿಯ ಭಾಗದ ಮೇಲೆ ಕೂತು, ಕಾರ್ನಿಯಾವನ್ನು ಮುಟ್ಟದೆ ಅದರ ಮೇಲೆ ಕಮಾನಿನಂತೆ ನಿಲ್ಲುತ್ತದೆ. ನಡುವಿನ ಜಾಗಕ್ಕೆ ಸಂರಕ್ಷಕಗಳಿಲ್ಲದ ಶುದ್ಧ ಸಲೈನ್ ತುಂಬಿಕೊಂಡು ತೊಡಬೇಕು. ತೊಡಲು, ತೆಗೆಯಲು ಕಲಿಯುವುದಕ್ಕೆ ಕೆಲವು ದಿನ ಹಿಡಿಯುತ್ತದೆ, ತಾಳ್ಮೆ ಬೇಕು, ಬೆಲೆಯೂ ದುಬಾರಿ. ಆದರೆ ಗೋಡೆಯ ಮೇಲಿನ ದೊಡ್ಡ ಅಕ್ಷರ ಮಾತ್ರ ಓದುತ್ತಿದ್ದವರು ಇದನ್ನು ತೊಟ್ಟು ಕೆಳಗಿನ ಸಾಲುಗಳವರೆಗೆ ಓದುವುದು ಅಪರೂಪವಲ್ಲ. ಯಾವ ಲೆನ್ಸನ್ನೇ ಆಗಲಿ ನಲ್ಲಿ ನೀರಿನಲ್ಲಿ ತೊಳೆಯಬಾರದು, ತೊಟ್ಟು ನಿದ್ರಿಸಬಾರದು. ನೀರಿನಲ್ಲಿರುವ ಅಕಾಂತಮೀಬ ಎಂಬ ಜೀವಿಯಿಂದ ತಗಲುವ ಸೋಂಕು ಕಾರ್ನಿಯಾವನ್ನೇ ನುಂಗಿಬಿಡಬಲ್ಲದು.

ಲೆನ್ಸ್ ಎಷ್ಟೇ ಚೆನ್ನಾಗಿ ಕಾಣಿಸಿದರೂ ಕಾಯಿಲೆಯ ಬೆಳವಣಿಗೆಯನ್ನು ಅದು ತಡೆಯದು. ಲೆನ್ಸ್ ತೊಟ್ಟು ನಿಶ್ಚಿಂತರಾದವರೂ ತಪಾಸಣೆ ಬಿಡುವಂತಿಲ್ಲ.

ಉಂಗುರ ಮತ್ತು ಇತರ ಉಪಾಯಗಳು

ಲೆನ್ಸ್ ಒಗ್ಗದವರಿಗೆ, ಕಾರ್ನಿಯಾದ ನಡುವೆ ಕಲೆಯಿಲ್ಲದಿದ್ದರೆ, ಪಟಲದೊಳಗೆ ಲೇಸರ್‌ನಿಂದ ಸುರಂಗ ಕೊರೆದು ಬಿಲ್ಲಿನಾಕಾರದ ಪ್ಲಾಸ್ಟಿಕ್ ತುಣುಕುಗಳನ್ನು ಸೇರಿಸಿ ಉಬ್ಬನ್ನು ತಗ್ಗಿಸುವ ಕ್ರಮವಿದೆ. 'ಇಂಟ್ಯಾಕ್ಸ್' ಹೆಸರಿನ ಇಂಥ ತುಣುಕುಗಳಿಗೆ ಅಮೆರಿಕದಲ್ಲಿ ಕೆರಾಟೋಕೋನಸ್‌ಗಾಗಿ 2004ರಲ್ಲಿ ಅನುಮತಿ ದೊರೆಯಿತು. ಪ್ಲಾಸ್ಟಿಕ್‌ಗೆ ಬದಲಾಗಿ ದಾನಿಗಳ ಕಾರ್ನಿಯಾದಿಂದಲೇ ಕತ್ತರಿಸಿದ ತುಣುಕುಗಳನ್ನು ಬಳಸುವ ವಿಧಾನವನ್ನು 2018ರಲ್ಲಿ ಜಗತ್ತಿನ ಮುಂದಿಟ್ಟವರೂ ಮೇಲೆ ಹೇಳಿದ ಡಾ. ಸೂಸನ್ ಜೇಕಬ್ ಅವರೇ. ಉಂಗುರದ ನಂತರವೂ ಕನ್ನಡಕ ಅಥವಾ ಲೆನ್ಸ್ ಬೇಕಾಗುತ್ತದೆ. ಅದು ಹೊಂದುವುದು ಸುಲಭವಾಗುತ್ತದೆ ಎಂಬುದೇ ಲಾಭ. ಕಾಯಿಲೆ ಸ್ಥಿರವಾಗಿದ್ದು ಕನ್ನಡಕದಿಂದ ತಕ್ಕಮಟ್ಟಿಗೆ ಕಾಣುವ ಕೆಲವರಿಗೆ ಕಣ್ಣಿನೊಳಗೆ ಅಳವಡಿಸುವ ಲೆನ್ಸ್ ಕೂಡ ಆಯ್ಕೆಯಾಗಬಹುದು.

ಒಮ್ಮೆಗೇ ಕಣ್ಣು ಬೆಳ್ಳಗಾದರೆ

ಮುಂದುವರಿದ ಹಂತದಲ್ಲಿ ಕಾರ್ನಿಯಾದ ಒಳಪೊರೆ ಹರಿದು, ಕಣ್ಣಿನೊಳಗಿನ ದ್ರವ ಪಟಲಕ್ಕೆ ನುಗ್ಗುವುದುಂಟು. ಹೈಡ್ರಾಪ್ಸ್ ಎಂಬ ಈ ಸ್ಥಿತಿಯಲ್ಲಿ ಗಂಟೆಗಳೊಳಗೆ ನೋವು ಕಾಣಿಸಿಕೊಂಡು, ದೃಷ್ಟಿ ಕುಸಿದು, ಕಪ್ಪುಗುಡ್ಡೆಯ ಮೇಲೆ ಬಿಳಿಯ ಮಚ್ಚೆ ಕಾಣುತ್ತದೆ. ಕಣ್ಣು ಹೋಯಿತೆಂದು ಮನೆಯವರು ಕಂಗಾಲಾಗುವ ಗಳಿಗೆ ಇದು. ತಕ್ಷಣ ವೈದ್ಯರಲ್ಲಿಗೆ ಹೋಗಲೇಬೇಕು, ಆದರೆ ಆ ದಿನವೇ ಕಸಿ ಬೇಕಾಗುವುದಿಲ್ಲ. ಹನಿಗಳಿಂದ, ಕೆಲವೊಮ್ಮೆ ಕಣ್ಣಿನೊಳಗೆ ಅನಿಲದ ಗುಳ್ಳೆ ಬಿಟ್ಟು ಹರಿದ ಪೊರೆಯನ್ನು ಒತ್ತಿಹಿಡಿಯುವುದರಿಂದ, ವಾರಗಳಿಂದ ಕೆಲವು ತಿಂಗಳೊಳಗೆ ಊತ ಇಳಿಯುತ್ತದೆ. ಉಳಿದ ಕಲೆ ದೃಷ್ಟಿಯ ಹಾದಿಯಲ್ಲಿದ್ದರೆ ಮಾತ್ರ ಮುಂದೆ ಕಸಿಯ ಮಾತು.

ಕಸಿ: ಕೊನೆಯ ಹಂತ

ಹಿಂದಿನ ಅಂದಾಜುಗಳಂತೆ ಕೆರಾಟೋಕೋನಸ್ ರೋಗಿಗಳಲ್ಲಿ ಶೇ 10ರಿಂದ 20ರಷ್ಟು ಮಂದಿಗೆ ಕಾರ್ನಿಯಾ ಕಸಿ ಬೇಕಾಗುತ್ತಿತ್ತು. ಕ್ರಾಸ್ ಲಿಂಕಿಂಗ್ ಬಂದ ಮೇಲೆ ನೆದರ್ಲೆಂಡ್ಸ್‌ನಲ್ಲಿ ಈ ಕಾಯಿಲೆಗಾಗಿ ನಡೆಯುವ ಕಸಿಗಳು ಸುಮಾರು ನಾಲ್ಕನೇ ಒಂದರಷ್ಟು ಇಳಿದಿದ್ದನ್ನು 2016ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ.

ಮನುಷ್ಯನ ಕಣ್ಣಿಗೆ ಯಶಸ್ವಿಯಾಗಿ ಕಾರ್ನಿಯಾ ಕಸಿ ಮಾಡಿದ ಮೊದಲಿಗ ಎಡುವರ್ಡ್ ಜಿರ್ಮ್. ಈಗಿನ ಚೆಕ್ ಗಣರಾಜ್ಯದ ಓಲೊಮೌಟ್ಸ್ ನಗರದಲ್ಲಿ, 1905ರ ಡಿಸೆಂಬರ್‌ನಲ್ಲಿ. ಅಂದಿನಿಂದ ಬಹುಕಾಲ ಪೂರ್ಣ ದಪ್ಪದ ಕಾರ್ನಿಯಾವನ್ನೇ ಬದಲಿಸಲಾಗುತ್ತಿತ್ತು. ಕೆರಾಟೋಕೋನಸ್‌ನಲ್ಲಿ ಕೆಟ್ಟಿರುವುದು ಮುಂದಿನ ಪದರಗಳು. ಒಳಗಿನ ಜೀವಕೋಶಗಳ ಪದರ ಬಹುತೇಕ ಆರೋಗ್ಯವಾಗಿಯೇ ಇರುತ್ತದೆ. ಆದ್ದರಿಂದ ರೋಗಿಯ ಒಳಪದರವನ್ನು ಉಳಿಸಿಕೊಂಡು ಮುಂಭಾಗವನ್ನಷ್ಟೇ ಬದಲಿಸುವ 'ಡಾಲ್ಕ್' ವಿಧಾನ ಈಗ ಆದ್ಯತೆ ಪಡೆದಿದೆ. ಪದರಗಳ ನಡುವೆ ಗಾಳಿ ತುಂಬಿ ಬೇರ್ಪಡಿಸುವ ತಂತ್ರ 2002ರಲ್ಲಿ ಪ್ರಕಟವಾದ ಮೇಲೆ ಇದು ಹೆಚ್ಚು ಪ್ರಚಾರಕ್ಕೆ ಬಂತು. ಒಳಪದರ ರೋಗಿಯದೇ ಆಗಿರುವುದರಿಂದ ದೇಹ ಅದನ್ನು ತಿರಸ್ಕರಿಸುವ ಪ್ರಶ್ನೆಯೇ ಬರುವುದಿಲ್ಲ. ಹೈಡ್ರಾಪ್ಸ್‌ನಿಂದ ಒಳಪೊರೆ ಹರಿದವರಿಗೆ ಮಾತ್ರ ಸಾಮಾನ್ಯವಾಗಿ ಪೂರ್ಣ ಕಸಿಯೇ ಗತಿ.

ಒಂದು ಕಾರ್ನಿಯಾವನ್ನು ಪದರವಾಗಿ ಬಿಡಿಸಬಹುದು ಎಂಬುದನ್ನು ಕನ್ನಡಿಗರು ಅರಿತದ್ದು ದುಃಖದ ಸಂದರ್ಭದಲ್ಲಿ. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ನೀಡಲಾಯಿತು. ಪ್ರತಿ ಕಾರ್ನಿಯಾದ ಮುಂಭಾಗವನ್ನು ಮುಂದಿನ ಪದರದ ಕಾಯಿಲೆಯಿದ್ದವರಿಗೂ ಹಿಂಭಾಗವನ್ನು ಒಳಪದರದ ಕಾಯಿಲೆಯಿದ್ದವರಿಗೂ ಹಂಚಲಾಗಿತ್ತು. 2006ರಲ್ಲಿ ಅವರ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ ದಾನವಾಗಿದ್ದವು. ಮರಣಾನಂತರ ಆರು ಗಂಟೆಯೊಳಗೆ ಕಣ್ಣುಗಳನ್ನು ಸಂಗ್ರಹಿಸಬೇಕಾಗುತ್ತದೆ. ಕನ್ನಡಕ ಧರಿಸುತ್ತಿದ್ದವರೂ ಪೊರೆಯ ಶಸ್ತ್ರಚಿಕಿತ್ಸೆ ಆದವರೂ ದಾನಿಗಳಾಗಬಹುದು.

ಕಸಿಯಾದ ಮರುದಿನ ಲೋಕ ನಿಚ್ಚಳವಾಗುತ್ತದೆಂಬ ಸಿನಿಮಾ ದೃಶ್ಯವನ್ನು ಮರೆಯುವುದು ಒಳ್ಳೆಯದು. ಹೊಲಿಗೆಗಳು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಇರುತ್ತವೆ; ಒಂದೊಂದಾಗಿ ತೆಗೆದಂತೆ ನಂಬರು ಬದಲಾಗುತ್ತದೆ. ಕೊನೆಗೂ ಕನ್ನಡಕ, ಕೆಲವರಿಗೆ ಗಟ್ಟಿ ಲೆನ್ಸ್ ಬೇಕಾಗುತ್ತದೆ. ಸ್ಟೀರಾಯ್ಡ್ ಹನಿಗಳನ್ನು ದೀರ್ಘಕಾಲ ಹಾಕಬೇಕಾದುದರಿಂದ ಕಣ್ಣಿನ ಒತ್ತಡದ ತಪಾಸಣೆ ತಪ್ಪುವಂತಿಲ್ಲ. ಕಸಿಯ ಅಂಚು ಎಂದಿಗೂ ಮೂಲ ಕಣ್ಣಿನಷ್ಟು ಗಟ್ಟಿಯಾಗದು. ಕ್ರಿಕೆಟ್ ಚೆಂಡಿನ ಒಂದು ಪೆಟ್ಟು ವರ್ಷಗಳ ನಂತರವೂ ಅದನ್ನು ಬಿರಿಯಬಲ್ಲದು. ಕಣ್ಣು ಕೆಂಪಾಗುವುದು, ಬೆಳಕು ಚುಚ್ಚುವುದು, ದೃಷ್ಟಿ ಮಂಜಾಗುವುದು, ನೋಯುವುದು, ಈ ನಾಲ್ಕರಲ್ಲಿ ಯಾವುದೇ ಒಂದು ಕಂಡರೂ ಅದು ತಿರಸ್ಕಾರದ ಸೂಚನೆಯಾಗಿರಬಹುದು. ಅದೇ ದಿನ ಆಸ್ಪತ್ರೆ ತಲುಪಿದವರಲ್ಲಿ ಹನಿಗಳಿಂದಲೇ ಕಸಿಯನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಪರ ಊರಿನಲ್ಲಿರುವವರು ಕಸಿಯ ವರದಿಯ ಪ್ರತಿಯೊಂದನ್ನು ಜೊತೆಗಿಟ್ಟುಕೊಂಡಿದ್ದರೆ ಹತ್ತಿರದ ನೇತ್ರತಜ್ಞರೂ ಆ ಕೂಡಲೇ ಚಿಕಿತ್ಸೆ ಆರಂಭಿಸಬಹುದು.